ಎಫ್‌ನೈನ್ ಒತ್ತಿದರೂ ಕಿವಿಗೊಡದ ಕಂಪ್ಯೂಟರು

ಛತ್ರದಲ್ಲಿ ಮದುವೆಗಳ ಲೈವ್ ಮಾಡುವವನಿಗೆ ಇಂಥದ್ದು ಒಂದಲ್ಲ ಒಂದು ಆಗುತ್ತಲೇ ಇರುತ್ತದೆ. ನನ್ನ ಜೀವವೆಲ್ಲ ಇದ್ದದ್ದು ಎಫ್‌ನೈನ್ ಎಂಬ ಕೀಯಲ್ಲಿ. ಸ್ಕ್ರೀನಿನ ಮೇಲೆ ಯಾವ ವಿಂಡೋ ತೆರೆದಿರಲಿ, ಅದನ್ನೊತ್ತಿದರೆ ಮೈಕು ಬಂದ್. ಚಿಕ್ಕಬಳ್ಳಾಪುರದ ನಮ್ಮ ಛತ್ರಕ್ಕೆ ಹೊಸ ಕಂಪ್ಯೂಟರ್ ಬಂತು ನೋಡಿ, ಆ ನೆಮ್ಮದಿ ಹೋಯಿತು. ಈಗ ಮುಂದಿರುವ ವಿಂಡೋಗೆ ಮಾತ್ರ ಕೀ ಕೇಳಿಸುತ್ತದಂತೆ. ಹಿಂದಿರುವ ಪ್ರೋಗ್ರಾಂಗಳು ನಮ್ಮ ಪಾಸ್‌ವರ್ಡ್ ಕದ್ದು ಕೇಳಬಾರದಲ್ಲ, ಅದಕ್ಕಂತೆ. ಒಳ್ಳೆಯದೇ, ಆದರೆ ನನಗೆ ಯಾರೂ ಹೇಳಿರಲಿಲ್ಲ.

ಪುರೋಹಿತರ ಫೋನು

ಹೋಮದ ನಡುವೆ ಪುರೋಹಿತರಿಗೆ ಫೋನ್ ಬಂತು. ಅವರ ಶಲ್ಯಕ್ಕೆ ಸಿಕ್ಕಿಸಿದ್ದು ನಮ್ಮ ಮೈಕು. ನಾನು ಎಫ್‌ನೈನ್ ಒತ್ತಿದೆ. ಮುಂದೆ ಹಾಡುಗಳ ವಿಂಡೋ ಇತ್ತು, ಮೈಕಿನ ಪ್ರೋಗ್ರಾಂಗೆ ಸುದ್ದಿಯೇ ಮುಟ್ಟಲಿಲ್ಲ. ಮಂಡಿಕಲ್ಲಿನ ಗೃಹಪ್ರವೇಶದವರಿಗೆ ಪುರೋಹಿತರು ಹೋಮದ ಮುಂದೆ ಕೂತೇ, ಹೊರಟಾಯಿತು, ದಾರಿಯಲ್ಲಿ ಪೆರೇಸಂದ್ರ ದಾಟಿದೆ ಎಂದದ್ದು ಊರಿಗೆಲ್ಲ ಕೇಳಿಸಿತು. ಲೈವಿನ ಕೆಳಗೆ ಒಂದು ಕಾಮೆಂಟು ಬಂತು: "ಸ್ವಾಮಿ, ಮಂಡಿಕಲ್ಲಿನಿಂದ ನಾವೂ ನೋಡ್ತಾ ಇದೀವಿ. ಹೋಮ ಮುಗಿಸ್ಕೊಂಡೇ ಬನ್ನಿ."

ಸೋದರಮಾವನ ಎಚ್ಚರ

ಚಿಂತಾಮಣಿಯ ಕಂಪ್ಯೂಟರ್ ರಿಪೇರಿಯವರಿಗೆ ಫೋನ್ ಮಾಡಿದೆ. ಹಿಂದಿರುವ ಮೈಕಿನ ಪ್ರೋಗ್ರಾಂಗೆ ಆ ಕೀ ಕೇಳಿಸಿಕೊಳ್ಳಲು ಅನುಮತಿ ಕೊಡುತ್ತೀರಾ ಅಂತ ಕಂಪ್ಯೂಟರೇ ಒಂದು ಸಲ ಕೇಳುತ್ತದೆ, ಹೌದು ಒತ್ತಿ ಸಾಕು ಎಂದರು. ಮುಂದಿನ ಮದುವೆಯಲ್ಲಿ ಅದು ಕೇಳಿಯೇ ಕೇಳಿತು. ಆದರೆ ಕೇಳಿದ್ದು ಕಂಪ್ಯೂಟರಿಗೆ ಜೋಡಿಸಿದ್ದ, ಮಂಟಪದ ಹಿಂದಿನ ದೊಡ್ಡ ಪರದೆಯ ಮೇಲೆ, ಹುಡುಗಿಯನ್ನು ಮಂಟಪಕ್ಕೆ ಕರೆತರುವ ಹೊತ್ತಿನಲ್ಲಿ. ಒತ್ತಬೇಡ, ಬ್ಯಾಂಕಿನ ದುಡ್ಡೆಲ್ಲ ಹೋಗುತ್ತದೆ ಎಂದು ಸಭೆಯೇ ಗದ್ದಲವೆಬ್ಬಿಸಿತು. ಸೋದರಮಾವ ಹುಡುಗಿಯ ಕೈ ನಡುದಾರಿಯಲ್ಲೇ ಬಿಟ್ಟು ಓಡಿಬಂದು, ನನ್ನ ಮೌಸ್ ಕಿತ್ತುಕೊಂಡು 'ಬೇಡ' ಒತ್ತಿದರು. "ನಿಂಗೊತ್ತಿಲ್ಲ ಕಣಪ್ಪ, ಹೋದ್ಸಲ ನಾನು ಹೌದು ಒತ್ತೇ ಕೆಟ್ಟಿದ್ದು."

ಮದುವೆ ಮುಗಿದ ಮೇಲೆ ಛತ್ರದ ಯಜಮಾನರು ನನ್ನನ್ನು ಕರೆದು, ಇನ್ನೊಂದು ಎಡವಟ್ಟಾದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆ ಎಂದರು. ಮನೆ ನಡೆಯುವುದೇ ಈ ಕೆಲಸದಿಂದ.

ಯಜಮಾನರ ಮಗಳ ಮದುವೆ

ಮುಂದಿನದು ಅವರ ಮಗಳದೇ ಮದುವೆ, ಶಿಡ್ಲಘಟ್ಟದ ಬೀಗರು. ಒಮ್ಮೆ ಬೇಡವೆಂದ ಮೇಲೆ ಕಂಪ್ಯೂಟರು ಮತ್ತೆ ಕೇಳಲಿಲ್ಲ, ಸೆಟ್ಟಿಂಗು ಮುಟ್ಟಲು ನನಗೆ ಧೈರ್ಯವಿಲ್ಲ. ಮೈಕಿನ ವಿಂಡೋವನ್ನೇ ಮುಂದಿಟ್ಟುಕೊಂಡು ಅಲುಗಾಡದೆ ಕೂತೆ. ಧಾರೆ ಸುಸೂತ್ರವಾಗಿ ಮುಗಿಯಿತು, ಉಸಿರು ಬಿಟ್ಟೆ. ಅಷ್ಟರಲ್ಲಿ ಗಂಡಿನ ಸೋದರತ್ತೆ ಬಂದು, ಹುಡುಗನ ಚಿಕ್ಕಂದಿನ ಫೋಟೋ ಹಾಕಪ್ಪ ಎಂದರು. ಹಾಕಿದೆ. ಫೋಟೋ ವಿಂಡೋ ಮುಂದೆ ಬಂತು.

ಸಂಕಲ್ಪಕ್ಕೆಂದು ಕಟ್ಟಿದ ಮೈಕು ಯಜಮಾನರ ಕಾಲರಿನಲ್ಲೇ ಇತ್ತು. ಅವರು ಅಡುಗೆಮನೆಗೆ ಹೋಗಿ ಭಟ್ಟರಿಗೆ ಹೇಳಿದ್ದು ಛತ್ರದ ಸ್ಪೀಕರಿನಲ್ಲೆಲ್ಲ ಮೊಳಗಿತು: "ಗಂಡಿನ ಕಡೆಯೋರ್ಗೆ ಪಾಯ್ಸ ಎರಡನೇ ಸಲ ಬಡಿಸ್ಬೇಡಿ, ನಮ್ಮೋರ್ಗೆ ಸಾಲಲ್ಲ."

ಎಫ್‌ನೈನ್ ಒತ್ತಿದೆ, ಗುದ್ದಿದೆ. ಮೌಸ್ ಎಂಬುದೊಂದಿದೆ ಎಂದು ನೆನಪಾಗುವಷ್ಟರಲ್ಲಿ ವಾಲಗವೂ ನಿಂತಿತ್ತು. ಬೀಗರ ಸಾಲು ಎಲೆ ಮುಂದೆ ಕೈ ಕಟ್ಟಿ ಕೂತಿತು. ಕೆಲಸವೂ ಹೋಯಿತು, ಮದುವೆಯೂ ಕೆಟ್ಟಿತು ಎಂದುಕೊಂಡೆ. ಯಜಮಾನರು ಬೆವರೊರೆಸಿಕೊಳ್ಳುತ್ತಾ ಹೊರಬಂದು, ತಾವೇ ಬಕೆಟ್ ಹಿಡಿದು, ಬೀಗರು ಸಾಕೆಂದರೂ ಬಿಡದೆ ಪಾಯಸ ಸುರಿದರು.

ಊಟವಾದ ಮೇಲೆ ಗಂಡಿನ ತಂದೆ ಸೀದಾ ನನ್ನ ಹತ್ತಿರ ಬಂದರು. ಅವರು ಹೊಟ್ಟೆ ಸವರಿಕೊಂಡು ಮೆಲ್ಲಗೆ ಹೇಳಿದರು:

"ನಮ್ಮ ಎರಡನೇ ಹುಡುಗನ ಮದ್ವೆಗೂ ನೀನೇ ಬರ್ಬೇಕಪ್ಪ. ಆ ಕೀ ಮಾತ್ರ ರಿಪೇರಿ ಮಾಡಿಸ್ಬೇಡ."