ಮೂವತ್ತೊಂದು ದಾರದ ರೀಲುಗಳ ದೂರು

ಮಾನ್ಯ ಮುಖ್ಯೋಪಾಧ್ಯಾಯರೇ,

ತಮ್ಮ ಗಂಟೆ ಸದಾ ಹೊತ್ತಿಗೆ ಸರಿಯಾಗಿ ಮೊಳಗಲಿ, ತಮ್ಮ ಸುತ್ತೋಲೆಗಳಿಗೆ ಎಂದೂ ಕಾಗದದ ಕೊರತೆಯಾಗದಿರಲಿ ಎಂದು ಹಾರೈಸುತ್ತಾ ಈ ಪತ್ರ ಬರೆಯುತ್ತಿದ್ದೇನೆ. ಒಂದು ಪ್ರತಿಯನ್ನು ಶಾಲೆಯ ಗೇಟಿನ ಫಲಕಕ್ಕೂ ಅಂಟಿಸಿದ್ದೇನೆ. ಶುಕ್ರವಾರದ ‘ಮಾಡಿ ನೋಡು’ ವಿಜ್ಞಾನ ತರಗತಿಯಿಂದ ತೊಂದರೆಗೊಳಗಾದ ಪೋಷಕರು ಶನಿವಾರದೊಳಗೆ ದೂರು ಕೊಡಬೇಕು, ಇಪ್ಪತ್ತು ದೂರು ಬಂದರೆ ತರಗತಿಯನ್ನು ನಿಲ್ಲಿಸಿ ಆ ಹೊತ್ತಿನಲ್ಲಿ ಕಾಪಿ ಬರೆಸಲಾಗುವುದು ಎಂಬ ತಮ್ಮ ಸುತ್ತೋಲೆ ತಲುಪಿತು. ಮನೆಯಲ್ಲೇ ಬಟ್ಟೆ ಹೊಲಿಯುವ ನನ್ನಷ್ಟು ತೊಂದರೆಗೊಳಗಾದವರು ಬೇರೆ ಸಿಗಲಾರರು.

ಶಕ್ತಿಯ ಪಾಠಕ್ಕೆ ತಲಾ ಒಂದು ಖಾಲಿ ದಾರದ ರೀಲು ತರಬೇಕೆಂದು ವಿಜ್ಞಾನದ ಮೇಡಂ ಹೇಳಿದ್ದರಂತೆ. ಟೈಲರ್ ಮನೆಯಲ್ಲಿ ರೀಲಿಗೇನು ಬರ ಎಂದು ಮೂರನೇ ತರಗತಿಯೆಲ್ಲ ನನ್ನ ಮಗಳ ಕಡೆ ತಿರುಗಿತು, ಯಾರ ಜೊತೆಗೂ ಸೇರದ ಈ ಹುಡುಗಿ ಮೂವತ್ತೊಂದು ಮಂದಿಗೂ ತಂದುಕೊಡುತ್ತೇನೆಂದು ಒಪ್ಪಿಕೊಂಡುಬಿಟ್ಟಳು. ನಮ್ಮಲ್ಲಿ ಖಾಲಿಯಾಗುವುದು ವಾರಕ್ಕೆ ಎರಡು ರೀಲು. ನಾನು ಅಳತೆ ತೆಗೆದುಕೊಳ್ಳಲು ಪಕ್ಕದ ಬೀದಿಗೆ ಹೋಗಿ ಬರುವಷ್ಟರಲ್ಲಿ ಅವಳು ತುಂಬಿದ ರೀಲುಗಳನ್ನೇ ಬಿಚ್ಚಿ ಖಾಲಿ ಮಾಡಿದ್ದಳು. ಕೆಂಪು, ನೀಲಿ, ಹಸಿರು ದಾರವೆಲ್ಲ ಗೋಜಲಾಗಿ ಬಕೆಟ್ಟಿನಲ್ಲಿತ್ತು, ಈಗಲೂ ಅಲ್ಲೇ ಇದೆ.

ಆ ರೀಲಿಗೆ ರಬ್ಬರ್ ಬ್ಯಾಂಡ್ ಪೋಣಿಸಿ, ಕಡ್ಡಿಯಿಂದ ತಿರುಚಿ ನೆಲಕ್ಕೆ ಬಿಟ್ಟರೆ ಅದು ಗಾಡಿಯ ಹಾಗೆ ತಾನಾಗಿ ತೆವಳುತ್ತದೆ. ತಿರುಚಿದಾಗ ಒಳಗೆ ಕೂತ ಶಕ್ತಿ ಬಿಟ್ಟಾಗ ಹೊರಬರುತ್ತದಂತೆ. ಇಷ್ಟು ಕಲಿತು ಬಂದವಳು ರಜೆಯ ದಿನ ಕುರ್ಚಿಯಲ್ಲಿ ಒರಗಿದ್ದ ಅಪ್ಪನನ್ನು ಒಂದು ಸುತ್ತು ಹಾಕಿ ನೋಡಿ, ನಿನ್ನೊಳಗೆ ಕೂತಿರೋ ಶಕ್ತಿ ಯಾವಾಗಪ್ಪಾ ಹೊರಗೆ ಬರೋದು ಎಂದು ಕೇಳಿದಳು. ಹತ್ತು ವರ್ಷದಿಂದ ನಾನು ಕೇಳಿ ಸೋತ ಪ್ರಶ್ನೆಯಿದು. ನನ್ನ ಮಾತಿಗೆ ಅಲುಗಾಡದವರು ಅವಳ ಒಂದೇ ಮಾತಿಗೆ ಎದ್ದು ಹೋಗಿ ನೀರು ತುಂಬಿಸಿದರೆ, ಹೆಂಡತಿಯ ಮಾನ ಎಲ್ಲಿ ಉಳಿಯಿತು ಎಂದು ತಾವೇ ಹೇಳಬೇಕು.

ಇದಕ್ಕಿಂತ ಗಂಭೀರವಾದದ್ದು ನನ್ನ ಊಟದ ವಿಚಾರ. ಕೆಲಸ ಹೆಚ್ಚಿದ್ದ ದಿನ ಮಧ್ಯಾಹ್ನದ ಊಟ ಬಿಡುವುದು ನನ್ನ ಹಳೆಯ ಅಭ್ಯಾಸ. ಒಂದು ದಿನ ಶಾಲೆಯಿಂದ ಬಂದವಳೇ ಮಿಷನ್ನಿನ ಚಕ್ರ ಹಿಡಿದು, ಇದಕ್ಕೆ ಶಕ್ತಿ ಎಲ್ಲಿಂದ ಅಂದಳು. ತುಳಿಯುವ ಕಾಲಿನಿಂದ ಅಂದೆ. ಕಾಲಿಗೆ ಎಲ್ಲಿಂದ ಅಂದಳು. ಊಟದಿಂದ ಅಂದೆ. ಹಾಗಾದ್ರೆ ಊಟಾನೇ ಮಾಡದೆ ಯಾವ ಶಕ್ತಿಯಿಂದ ಹೊಲೀತಿದ್ದೀಯಮ್ಮ ಎಂದಳು. ಅಂದಿನಿಂದ ದಿನವೂ ಬಂದೊಡನೆ ಪಾತ್ರೆ ಇಣುಕಿ ನೋಡುತ್ತಾಳೆ, ನಾನು ಉಂಡಿಲ್ಲವೆಂದು ತಿಳಿದರೆ ಮಿಷನ್ನಿನ ಬೆಲ್ಟು ಕಳಚಿ ಕೈಯಲ್ಲಿ ಹಿಡಿದು ಎದುರಿಗೆ ಕೂರುತ್ತಾಳೆ. ತಟ್ಟೆ ಖಾಲಿಯಾಗುವ ತನಕ ಬೆಲ್ಟು ವಾಪಸ್ ಸಿಗುವುದಿಲ್ಲ.

ಕಳೆದ ವರ್ಷದ ಪ್ರಗತಿ ಪತ್ರದಲ್ಲಿ ಇವಳ ಬಗ್ಗೆ ‘ಮಂದ, ಬಾಯಿ ಬಿಡುವುದಿಲ್ಲ’ ಎಂದು ಬರೆದು ತಾವೇ ಸಹಿ ಹಾಕಿದ್ದಿರಿ. ಅದನ್ನು ಓದಿ ನಾನು ಅತ್ತಿದ್ದೆ. ಈಗ ಬಾಯಿ ಮುಚ್ಚುವುದಿಲ್ಲ ಎಂಬುದೇ ನನ್ನ ದೂರು, ಮತ್ತು ಅದು ನನಗೆ ಎಷ್ಟು ಸಂತೋಷ ಕೊಟ್ಟಿದೆಯೆಂದರೆ ದೂರುವುದಕ್ಕೇ ನಾಲ್ಕು ದಿನ ಹಿಡಿಯಿತು.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ: ಆ ತರಗತಿಯನ್ನು ನಿಲ್ಲಿಸುವುದಾದರೆ, ಮೊದಲು ಇವಳು ಈವರೆಗೆ ಕೇಳಿದ ಪ್ರಶ್ನೆಗಳನ್ನೆಲ್ಲ ಒಂದೊಂದಾಗಿ ಹಿಂದಕ್ಕೆ ಪಡೆದು, ಪ್ರಗತಿ ಪತ್ರದಲ್ಲಿದ್ದ ಆ ಹುಡುಗಿಯನ್ನು ನನ್ನ ಮನೆಗೆ ತಲುಪಿಸಿ ರಸೀದಿ ಪಡೆಯಬೇಕು. ಅದು ತಮ್ಮಿಂದಾಗದಿದ್ದರೆ, ದಯವಿಟ್ಟು ತರಗತಿಯನ್ನೂ ನಿಲ್ಲಿಸಬೇಡಿ.

ಇಪ್ಪತ್ತರ ಲೆಕ್ಕಕ್ಕೆ ಸಿಗಲೊಲ್ಲದ,
ತಮ್ಮ ವಿಶ್ವಾಸಿ,
ಮೂರನೇ ತರಗತಿಯ ಹುಡುಗಿಯೊಬ್ಬಳ ತಾಯಿ

ಮರೆತ ಮಾತು: ಶಾಲೆಯಲ್ಲಿ ಎಲ್ಲೆಲ್ಲಿ ಶಕ್ತಿ ವ್ಯರ್ಥವಾಗುತ್ತಿದೆ ಎಂದು ಮಕ್ಕಳು ಕಳೆದ ಶುಕ್ರವಾರ ಪಟ್ಟಿ ಮಾಡಿದ್ದಾರೆ. ಯಾರೂ ಇಲ್ಲದ ಕೋಣೆಯೊಂದರಲ್ಲಿ ದಿನವಿಡೀ ತಿರುಗುವ ಫ್ಯಾನು ಅದರಲ್ಲಿ ಮೊದಲನೆಯದು. ಯಾರ ಕೋಣೆಯೆಂದು ನಾನು ಬರೆಯುವುದಿಲ್ಲ, ನಾಲ್ಕು ಜನ ಓದುವ ಪತ್ರವಿದು. ತಾವು ಇದನ್ನು ಗೇಟಿನ ಬಳಿ ನಿಂತು ಓದುತ್ತಿದ್ದರೆ ಮಾತ್ರ, ಒಮ್ಮೆ ಒಳಗೆ ಹೋಗಿ ಅದನ್ನು ಆರಿಸಿ ಬನ್ನಿ.