ಅವ್ವನ ಶ್ಯಾವಿಗೆಗೆ ಬಂದೂಕಿನ ಕಾವಲು

ಸಾಮಾನು ಕೊಳ್ಳುವುದಕ್ಕಿಂತ, ಕೊಂಡ ಸಾಮಾನಿಗೆ ಸಾಮಾನು ಕೊಳ್ಳುವುದರಲ್ಲಿ ನನಗೆ ಸುಖ ಜಾಸ್ತಿ. ಚಿಕ್ಕಂದಿನಲ್ಲಿ ಸೈಕಲ್ಲು ಬಂದಾಗ ಗಂಟೆ, ಕನ್ನಡಿ, ಸೀಟಿಗೆ ಮಖಮಲ್ಲಿನ ಕವರು ಎಲ್ಲ ಹಾಕಿಸಿದ ಮೇಲೆಯೇ ಹತ್ತುವುದನ್ನು ಕಲಿತವನು ನಾನು. ಆದ್ದರಿಂದ ಈ ಬೇಸಿಗೆಯಲ್ಲಿ ಸ್ಪ್ರಿಂಗಿನ ಏರ್‌ಗನ್ ತಂದಾಗ ನನ್ನ ಹೆಂಡತಿ ಮಹಾದೇವಿ ಬಂದೂಕಿಗೆ ಹೆದರಲಿಲ್ಲ. ಅದರ ಹಿಂದೆ ಬರಲಿರುವ ಸಾಮಾನುಗಳೆಂಬ ಬೀಗರ ಬಳಗಕ್ಕೆ ಹೆದರಿದಳು.

ಬಂದೂಕು ತಂದದ್ದು ಅವ್ವನ ಶ್ಯಾವಿಗೆಗಾಗಿ. ಅಂದೋಲಾ ಊರಿಗೆ ಮದುವೆ ಮಾಡಿಕೊಟ್ಟಿರುವ ನನ್ನ ತಂಗಿ ಈಗ ಬಸುರಿ. ಅವಳಿಗೆ ಅವ್ವ ಹೊಸೆದ ಶ್ಯಾವಿಗೆಯ ಪಾಯಸವೇ ಬೇಕು, ಅಂಗಡಿಯದನ್ನು ಮೂಸಿಯೂ ನೋಡುವುದಿಲ್ಲ. ಅವ್ವನೋ ಮಂಡಿನೋವಿನಲ್ಲೂ ಹಿಟ್ಟು ನಾದಿ, ಎಳೆ ತೆಗೆದು, ಆಳಂದದ ನಮ್ಮ ಮಾಳಿಗೆಯ ಮೇಲೆ ಕೋಲಿಗೆ ಹಾಕಿ ಒಣಗಿಸಿದ್ದಳು. ಓಣಿಯ ಮಂಗಗಳು ಬಂದು ಅಷ್ಟನ್ನೂ ತಿಂದು, ಕೋಲು ಮಾತ್ರ ಬಿಟ್ಟು ಹೋದವು. ಆ ಬರಿ ಕೋಲು ಹಿಡಿದುಕೊಂಡು ಅವ್ವ ಮಾಳಿಗೆಯ ಮೇಲೆ ಕೂತು ಅತ್ತೇಬಿಟ್ಟಳು. ನಾನು ಅವತ್ತೇ ಪೇಟೆಗೆ ಹೋದೆ.

ಬಂದೂಕು ನೋಡಿದ್ದೇ ಅವ್ವ ಅಳು ಮರೆತು ನನ್ನ ಮೇಲೆ ಹರಿಹಾಯ್ದಳು. "ಲೇ, ಲಿಂಗ ಕಟ್ಟಿಕೊಂಡವ್ರ ಮನ್ಯಾಗ ಬಂದೂಕೇನೋ? ಒಂದ್ ಮಂಗ್ಯಾಗ ಛರ್ರಾ ತಾಗ್ತಂದ್ರ ನಾ ಊಟಾನೇ ಬಿಡ್ತೇನಿ ನೋಡು!"

"ಮಂಗ್ಯಾಗ ಹೊಡ್ಯಂಗಿಲ್ಲವ್ವಾ. ಡಬ್ಬಿ ತೂಗಹಾಕಿ ಅದಕ್ಕ ಹೊಡೀತೇನಿ. ಸಪ್ಪಳಕ್ಕ ಓಡ್ತಾವ" ಎಂದು ಲಿಂಗ ಮುಟ್ಟಿ ಆಣೆ ಮಾಡಿದೆ.

ಛರ್ರಾ, ಅಂದರೆ ಏರ್‌ಗನ್ನಿನ ಸೀಸದ ಗುಂಡು, ಮತ್ತು ಉಳಿದ ಬಳಗವನ್ನು ತರಲು ಹೊರಟಾಗ ಮಹಾದೇವಿಯೂ ಜೊತೆಗೆ ಬಂದಳು, ನನ್ನನ್ನು ಕಾಯುವುದಕ್ಕೆ. ಅಂಗಡಿಯ ಮೌಲಾಸಾಬರು ಡಬ್ಬಿ ಡಬ್ಬಿ ತೆರೆದು ತೋರಿಸಿದರು: ಚೂಪು ಮೂತಿಯ ಛರ್ರಾ, ದುಂಡು ಮೂತಿಯದು, ಗುರಿ ಕಲಿಯುವವರಿಗೆ ಚಪ್ಪಟೆ ಮೂತಿಯದು. ಶಾಲೆ ಮಾಸ್ತರನಾದ ನಾನು ಒಂದೊಂದನ್ನೂ ಬೆಳಕಿಗೆ ಹಿಡಿದು, ಏನೋ ಗೊತ್ತಿದ್ದವನಂತೆ ಹೂಂಗುಟ್ಟುತ್ತಿದ್ದೆ. ಮಹಾದೇವಿ ತಡೆಯಲಾರದೆ ಕೇಳಿದಳು: "ಭಾಯ್, ಯಾರಿಗೂ ತಾಗಲಾರದಂಥ ಛರ್ರಾ ಅದಾವೇನ್ರಿ?"

"ಮಾಸ್ತರ್ರ ಕೈಯಾಗ ಎಲ್ಲಾವೂ ಅಂಥಾವೇ ಬಿಡ್ರಿ ಅಕ್ಕಾರ" ಎಂದರು ಮೌಲಾಸಾಬರು.

ಈ ಅವಮಾನಕ್ಕೆ ಉತ್ತರವಾಗಿ ನಾನು ಗುರಿಯಿಡಲು ಬಂದೂಕಿನ ಮೇಲೆ ಕೂರಿಸುವ ದುರ್ಬೀನು ಕೇಳಿದೆ. ಸಾದಾ ದುರ್ಬೀನು ಆಗುವುದಿಲ್ಲವಂತೆ. ಸ್ಪ್ರಿಂಗಿನ ಬಂದೂಕು ಹಿಂದಕ್ಕೂ ಒದೆಯುತ್ತದೆ, ಮುಂದಕ್ಕೂ ಒದೆಯುತ್ತದೆ, ಗಾಜು ಸಡಿಲಾಗಿಬಿಡುತ್ತದೆ. ಅದಕ್ಕೆಂದೇ ಮಾಡಿದ ಗಟ್ಟಿ ದುರ್ಬೀನೇ ಬೇಕು. "ಮಂಗ್ಯಾ ನೋಡಾಕ ದುರ್ಬೀನ್ ಯಾಕ್ರಿ? ಅದು ನಿಮ್ಮ ಮಗ್ಗಲಕ್ಕೇ ಕೂತಿರ್ತದ!" ಎಂದಳು ಮಹಾದೇವಿ. ಆದರೂ ತಗೊಂಡೆ. ಹೆಗಲಿಗೆ ಪಟ್ಟಿ, ಒಂದು ಚೀಲ, ಒಂದು ಪುಟ್ಟ ಎಣ್ಣೆ ಸೀಸೆ. "ಕೀಲಿಗೆ ಒಂದ್ ಹನಿ ಅಷ್ಟೇ ರೀ. ಒಳಗ ಮಾತ್ರ ಎಣ್ಣಿ ಹೋಗಬಾರದು" ಎಂದು ಸಾಬರು ಮತ್ತೆ ಮತ್ತೆ ಹೇಳಿದ್ದರು. ಆ ಮಾತು ಕೇಳಬೇಕಾದವರು ಅಂಗಡಿಗೆ ಬಂದಿರಲಿಲ್ಲ.

ನಮ್ಮ ಮನೆಯಲ್ಲಿ ಕುಸುಬೆ ಎಣ್ಣೆಗೆ ಬಗ್ಗದ ಸಮಸ್ಯೆಯೇ ಇಲ್ಲ. ಬಾಗಿಲು ಕಿರುಗುಟ್ಟಿದರೆ, ಹೊಲಿಗೆ ಯಂತ್ರ ಮುನಿಸಿಕೊಂಡರೆ, ನನ್ನ ಕಿವಿ ನೋವಾದರೆ, ಅವ್ವ ಕುಸುಬೆ ಎಣ್ಣೆ ಬಿಡುತ್ತಾಳೆ. ಹೊಸ ಶ್ಯಾವಿಗೆ ಹರವಿದ ದಿನ ಬೆಳಿಗ್ಗೆ ನಾನು ಬಂದೂಕಿನ ನಳಿಗೆ ಮಡಚಿಟ್ಟು ಚಹಾಕ್ಕೆ ಹೋಗಿದ್ದೆ. ಬಂದು ನೋಡಿದರೆ ಹಿಡಿಕೆಗೆ ಮೂರು ಬೆರಳಿನ ವಿಭೂತಿ. ಕಣ್ಣು ತುಂಬಿ ಬಂತು. ಪೂಜೆ ಅಷ್ಟಕ್ಕೇ ಮುಗಿದಿದೆ ಎಂದುಕೊಂಡೆ.

ಮಂಗಗಳು ಬಂದವು. ನಾನು ಛರ್ರಾ ತುಂಬಿ, ದುರ್ಬೀನಿಗೆ ಕಣ್ಣಿಟ್ಟು, ಡಬ್ಬಿಗೆ ಗುರಿಯಿಟ್ಟು ಬಂದೂಕಿನ ಕುದುರೆ ಎಳೆದೆ. ಧಡಾಂ! ಮೂತಿಯಿಂದ ನೀಲಿ ಹೊಗೆ, ಓಣಿಗೆಲ್ಲ ಬಜಿ ಕರಿದ ವಾಸನೆ. ಒಳಗೆ ಗಾಳಿ ಬಿಗಿಯಾಗಿ ಒತ್ತಿದಾಗ ಎಣ್ಣೆ ಹೊತ್ತಿಕೊಳ್ಳುತ್ತದೆ ಎಂದು ನನಗೆ ತಿಳಿದದ್ದು ಆಮೇಲೆ. ಆಗ ತಿಳಿದದ್ದು, ನಾನು ಹಿಂದಕ್ಕೆ ಬಿದ್ದು ನೆಲದ ಮೇಲೆ ಕೂತಿದ್ದೇನೆ ಎಂಬುದಷ್ಟೇ. ಡಬ್ಬಿ ಅಲುಗಿರಲಿಲ್ಲ. ಮಂಗಗಳು ಮಾತ್ರ ಒಂದೂ ಇರಲಿಲ್ಲ.

"ಕಿರ್ ಕಿರ್ ಅಂತಿತ್ತು ಪಾಪ, ಅದಕ್ಕ ಚೂರು ಎಣ್ಣಿ ಬಿಟ್ಟೇನಿ" ಎಂದು ಅವ್ವ ಸೆರಗಿನಿಂದ ನನ್ನ ಮುಖದ ಮಸಿ ಒರೆಸಿದಳು. "ನೋಡು, ಹೆಂಗ್ ಗಂಟಲಾ ಬಿಚ್ಚಿ ಮಾತಾಡ್ತು!"

ಬಂದೂಕಿನ ಒಳಗಿನ ವಾಶರು ಸುಟ್ಟುಹೋಗಿತ್ತು. "ಎಣ್ಣಿ ಬಿಟ್ಟ ಶಾಣ್ಯಾ ಯಾರ್ರೀ?" ಎಂದು ಮೌಲಾಸಾಬರು ಕೇಳಿದಾಗ, "ನಾನೇ" ಎಂದೆ. ಅವರು ನಂಬಿದ ವೇಗ ನೋಡಿ ಸ್ವಲ್ಪ ಬೇಸರವಾಯಿತು.

ತಂಗಿಗೆ ಶ್ಯಾವಿಗೆ ಮುಟ್ಟಿತು. ಬಟ್ಟಲು ತುಂಬ ಪಾಯಸ ಉಂಡು ಫೋನಿನಲ್ಲೇ ಅತ್ತಳಂತೆ. ಅವ್ವನೂ ಅತ್ತಳು, ಈ ಸಲ ಖುಷಿಗೆ. ಈಗ ಆ ಕೆಟ್ಟ ಬಂದೂಕು, ದುರ್ಬೀನು ಪಟ್ಟಿ ಸಮೇತ, ಮಾಳಿಗೆಯ ಮೇಲೆ ಕುರ್ಚಿಗೆ ಒರಗಿ ಸಂಡಿಗೆ ಕಾಯುತ್ತಿದೆ. ಮಂಗಗಳು ಅತ್ತ ಸುಳಿಯುವುದಿಲ್ಲ. ಮೊನ್ನೆ ಅದನ್ನು ಒರೆಸೋಣವೆಂದು ಕೆಳಗೆ ಇಟ್ಟು ಬಂದು, ಅದರ ಬದಲು ನಾನೇ ಆ ಕುರ್ಚಿಯಲ್ಲಿ ಕೂತೆ. ನೀರಿನ ಟಾಕಿಯ ಮೇಲಿದ್ದ ಹಿರಿಯ ಮಂಗ ಒಮ್ಮೆ ಕುರ್ಚಿ ನೋಡಿತು, ಒಮ್ಮೆ ನನ್ನನ್ನು ನೋಡಿತು, ಬಳಗಕ್ಕೆಲ್ಲ ಕೂಗು ಹಾಕಿ ಆರಾಮಾಗಿ ಇಳಿದು ಬಂತು.

ಕೆಳಗಿನಿಂದ ಅವ್ವ ಕೂಗಿದಳು: "ಯಪ್ಪಾ, ನೀ ಕೆಳಗ ಬಾ. ಬಂದೂಕ ಮ್ಯಾಲ ಕಳಸು!"