ನಾನು ವಾದ ಕಲಿಸಿದ್ದು

ಇಂಗ್ಲಿಷ್ ಎಂ.ಎ. ಮುಗಿಸಿದವಳಿಗೆ ಹೈಸ್ಕೂಲ್ ಹುಡುಗಿಗೆ ಪ್ರಬಂಧ ಕಲಿಸುವುದು ಏನು ಮಹಾ ಎಂದುಕೊಂಡೇ ಒಪ್ಪಿಕೊಂಡೆ. ಪುಣೆಯ ನಿಗಡಿಯ ನಮ್ಮ ಕಟ್ಟಡದಲ್ಲಿ ಕೆಳಗಿನ ಮನೆಯ ಅಮೃತಾ ನನ್ನ ಏಕೈಕ ಶಿಷ್ಯೆ. ಈಕೆ ಒಳ್ಳೆಯ ಅಂಕ ತಂದರೆ ವಸತಿ ಸೊಸೈಟಿಯ ಉಳಿದ ಮಕ್ಕಳೂ ನನ್ನ ಬಳಿಗೇ ಬರುತ್ತಾರೆ ಎಂಬುದು ನನ್ನ ಗುಪ್ತ ಯೋಜನೆ.

ಹೈಸ್ಕೂಲಿನಲ್ಲಿದ್ದೇ ಬರೆಯುವ ಕಾಲೇಜು ಮಟ್ಟದ ಇಂಗ್ಲಿಷ್ ಪರೀಕ್ಷೆ ಅವಳದು; ಒಂದು ಪ್ರಬಂಧಕ್ಕೆ ಆರು ಅಂಕ. ಒಂದು ವಿಷಯ ಕೊಟ್ಟು, ವಾದ ಮಂಡಿಸಿ ಬರೆಯಿರಿ ಎನ್ನುತ್ತಾರೆ. ಹೋಟೆಲಿನಲ್ಲಿ ಕೇಳದ ತಿಂಡಿ ತಂದಿಟ್ಟರೂ ಸುಮ್ಮನೆ ತಿಂದು ಬರುವವಳು ನಾನು. ಆದರೂ ಗಂಭೀರವಾಗಿ ಹೇಳಿದೆ: "ದಿನಾ ಮನಿಯೊಳಗ ಯಾರ ಜೋಡಿಯಾದ್ರೂ ಒಂದು ವಾದ ಮಾಡು. ರೂಢಿ ಆಗ್ತದ."

ಮೂರನೆಯ ದಿನ ಅವಳ ತಾಯಿ ಜಯಶ್ರೀಬಾಯಿ ಮಗಳನ್ನು ಎಳೆದುಕೊಂಡು ಬಾಗಿಲಿಗೆ ಬಂದರು.

"ಏನ್ರಿ ಟೀಚರ್, ಇಂಗ್ಲಿಷ್ ಕಲಿಸ್ರಿ ಅಂದ್ರ ಜಗಳಾಡೂದು ಕಲಿಸೀರಲ್ರಿ! ನಿನ್ನೆ ಅಜ್ಜಿ ಕೂಡ, ಇವತ್ತು ಹಾಲಿನವನ ಕೂಡ. ಕೇಳಿದ್ರ ಹೋಮ್‌ವರ್ಕ್ ಅಂತಾಳ!"

ಅಮೃತಾ ಮುಗ್ಧವಾಗಿ ಕೇಳಿದಳು. "ಅಕ್ಕಾ, ವಾದ ಅಂದ್ರ ಭಾಂಡಣ ಅಲ್ಲೇನ್ರಿ?"

ಮನೆಮಾತು ಕನ್ನಡವಾದರೂ ಪುಣೆಯಲ್ಲೇ ಹುಟ್ಟಿ ಬೆಳೆದ ಹುಡುಗಿ. ಮರಾಠಿಯಲ್ಲಿ ವಾದ ಎಂದರೆ ಭಾಂಡಣ, ಅಂದರೆ ಜಗಳವೇ. ಎರಡೂ ಭಾಷೆ ಬಲ್ಲ ಈ ವಿದುಷಿಗೆ ಇದು ಹೊಳೆದಿರಲಿಲ್ಲ!

ಕ್ಷಮೆ ಕೇಳಿ, ಮೊದಲಿನಿಂದ ಶುರುಮಾಡಿದೆ. ದನಿ ಏರಿಸಬಾರದು. ಆಧಾರ ಕೊಡಬೇಕು. ಎದುರಿನವರಲ್ಲಿರುವ ಒಳ್ಳೆಯದನ್ನು ಮೊದಲು ಒಪ್ಪಿಕೊಂಡು, ಆಮೇಲೆ ಅವರ ವಾದವನ್ನು ಮೆಲ್ಲಗೆ ಉರುಳಿಸಬೇಕು. "ಇಷ್ಟು ತಿಳಿದ್ರ ಸಾಕು. ನಿನಗ ಖರೇ ಅನಿಸಿದ ವಿಷಯದ ಮ್ಯಾಲೆ ಬರಕೊಂಡು ಬಾ."

ಬರೆದು ತಂದಳು. ವಿಷಯ: ನನಗೆ ಟ್ಯೂಷನ್ ಬೇಕೇ?

ಎರಡನೆಯ ಪ್ಯಾರಾದಲ್ಲಿ ನನ್ನ ಸ್ವಭಾವ, ಅಕ್ಷರ, ಚಹಾ ಎಲ್ಲವನ್ನೂ ಹೊಗಳಿದ್ದಳು. ಆಮೇಲೆ, ಅಕ್ಕ ಮಾತಾಡುವುದೇ ಅಪರೂಪವಾದ್ದರಿಂದ ತಾನೇ ಓದಿ ಕಲಿಯುವ ರೂಢಿಯಾಗಿದೆ ಎಂದು ಮೂರು ಆಧಾರ ಕೊಟ್ಟಿದ್ದಳು. ನಾನು ಅಲ್ಪವಿರಾಮ ತಿದ್ದುವುದರಲ್ಲಿ ಮಗ್ನಳಾಗಿದ್ದೆ. ಎಂಥ ರಚನೆ! ಆನಂದದಿಂದ ಆರಕ್ಕೆ ಆರು ಅಂಕ ಕೊಟ್ಟು, ಕೆಳಗೆ ಕೆಂಪು ಶಾಯಿಯಲ್ಲಿ ಬರೆದೆ: "ತಂದೆ ತಾಯಿ ತಪ್ಪದೆ ಓದಬೇಕು."

ಅವರು ತಪ್ಪದೆ ಓದಿದರು.

ಭಾನುವಾರ ಜಯಶ್ರೀಬಾಯಿ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಬಂದರು. "ಭಾಳ ಚಲೋ ಕಲಿಸೀರಿ ಟೀಚರ್! ಓದಿದ ಮ್ಯಾಲೆ ನಮಗೂ ಖರೇ ಅನಿಸ್ತು. ಇನ್ನ ಆಕಿ ಒಬ್ಬಾಕಿನ ಓದ್ಕೋತಾಳಂತ್ರಿ."

ಬಾಯಿ ತೆರೆದೆ. ಒಂದಾದರೂ ಮರುವಾದ ಸಿಗುತ್ತದೆಯೇ ಎಂದು ಹುಡುಕಿದೆ.

"ನೀವ ಪೂರಾ ಮಾರ್ಕ್ಸ್ ಕೊಟ್ಟೀರಲ್ರಿ!" ಎಂದರು.

ಡಬ್ಬಿ ತೆರೆದು ಹೋಳಿಗೆ ತೆಗೆದುಕೊಂಡೆ. ನಿಜ ಹೇಳಬೇಕೆಂದರೆ ಹೆಮ್ಮೆಯೇ ಆಯಿತು. ನಾನು ಕಲಿಸಿದ ಒಂದನ್ನೂ ಹುಡುಗಿ ಬಿಟ್ಟಿರಲಿಲ್ಲ. ನನ್ನನ್ನು ಮಾತ್ರ ಬಿಟ್ಟಳು!